‘ದಿ ಬ್ಲಾಬ್’ ಈಗ ನೋಡಿದರೆ ನಗು ಬರುತ್ತೆ, ಯಾಕೆ?

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ಫಿಲ್ಮ್ ಕ್ಲಬ್‌ನವರು 1958ರ ‘ದಿ ಬ್ಲಾಬ್’ ಅನ್ನೋ ಅಮೆರಿಕನ್ ಸಿನಿಮಾ ತೋರಿಸಿದ್ದರು. ಅವತ್ತು ನಿಜವಾಗಲೂ ಹೆದರಿದ್ದೆ. ಈಚೆಗೆ ಮೊಬೈಲ್‌ನಲ್ಲಿ ಮತ್ತೆ ನೋಡಿದೆ. ಆ ಕೆಂಪು ಮುದ್ದೆ ಉರುಳಿಕೊಂಡು ಬರೋದು ನೋಡಿ ನಗು ಬಂತು. ಸಿನಿಮಾ ಅಷ್ಟೇನಾ, ಇಲ್ಲ ನಾನೇ ಬದಲಾದೆನಾ? ಇದು ಕಮ್ಯುನಿಸಂ ಭಯದ ಕಥೆ ಅಂತ ಓದಿದೆ, ಅದು ಸರಿಯಾ? ಹನ್ನೊಂದು ವರ್ಷದ ಮಗಳಿಗೆ ತೋರಿಸಬಹುದಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ:

ನಿಮ್ಮ ನಗುವಿನಲ್ಲಿ ಅರ್ಧ ಪಾಲು ಮೊಬೈಲ್‌ಗೆ ಸೇರಬೇಕು. ಈ ಸಿನಿಮಾದ ಕಥೆ ಹೆಚ್ಚುಕಡಿಮೆ ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ. ನಿದ್ದೆ ಮಾಡುತ್ತಿರುವ ಒಂದು ಸಣ್ಣ ಊರು, ಖಾಲಿ ರಸ್ತೆ, ಬಾಗಿಲು ಮುಚ್ಚಿದ ಅಂಗಡಿ, ಅಲ್ಲೊಂದು ಇಲ್ಲೊಂದು ದೀಪ. ಭಯ ಇರುವುದು ಆ ಕತ್ತಲೆಯಲ್ಲಿ. ಅಂಗೈಯಗಲದ ತೆರೆಯಲ್ಲಿ, ಹಗಲು ಹೊತ್ತು, ಪಕ್ಕದಲ್ಲಿ ಫ್ಯಾನ್ ತಿರುಗುತ್ತಿರುವಾಗ ಕತ್ತಲೆ ಪೂರಾ ಅಳಿಸಿಹೋಗುತ್ತದೆ. ಉಳಿಯುವುದು ಕೆಂಪು ಮುದ್ದೆ ಒಂದೇ. ಅದೊಂದನ್ನೇ ನೋಡಿದರೆ ಯಾರಿಗಾದರೂ ನಗು ಬರುತ್ತದೆ.

ಇನ್ನರ್ಧಕ್ಕೆ ಕಾರಣ ಶುರುವಿನ ಹಾಡು. ಬರ್ಟ್ ಬ್ಯಾಕರಾಕ್ ಮತ್ತು ಮ್ಯಾಕ್ ಡೇವಿಡ್ ಮಾಡಿದ ಆ ಹಾಡು ಕುಣಿಯುವ ಹಾಗಿದೆ. ಸ್ಯಾಕ್ಸೊಫೋನ್ ಇದೆ, ನಡುವೆ ಬಾಟಲಿ ಬಿರಡೆ ಕಿತ್ತಂಥ ಸದ್ದು ಕೂಡ ಬರುತ್ತದೆ. ಆಗ ಅದು ಅಮೆರಿಕದಲ್ಲಿ ಹಿಟ್ ಕೂಡ ಆಗಿತ್ತು. ಚೆನ್ನಾಗಿರುವ ಹಾಡೇ, ಆದರೆ ಈ ಸಿನಿಮಾದ್ದಲ್ಲ. ಸಿನಿಮಾದ ಒಳಗಿನ ಸಂಗೀತ ರಾಲ್ಫ್ ಕಾರ್ಮೈಕಲ್ ಅವರದು. ಅದು ಗಂಭೀರವಾಗಿದೆ, ಒಮ್ಮೊಮ್ಮೆ ಜಾಸ್ತಿಯೇ ಗಂಭೀರ. ಹಂಚಿಕೆಗೆ ಹೊರಟಾಗ ಯುವಜನರನ್ನು ಸೆಳೆಯಲು ಈ ಹಾಡನ್ನು ಮುಂದೆ ಸೇರಿಸಿದರು. ಹೀಗಾಗಿ ಮೊದಲ ದೃಶ್ಯ ಬರುವ ಮುಂಚೆಯೇ ‘ಇದು ತಮಾಷೆ, ನಗಿ’ ಅಂತ ನಮಗೆ ಸೂಚನೆ ಸಿಕ್ಕಿಬಿಡುತ್ತದೆ. ಒಳಗಿರುವ ಸಿನಿಮಾಕ್ಕೆ ತಮಾಷೆ ಮಾಡುವ ಉದ್ದೇಶವೇ ಇಲ್ಲ.

ಮುಂದೆ ಹೋಗುವ ಮೊದಲು ನೋಡದವರಿಗಾಗಿ ಕಥೆ ಚುಟುಕಾಗಿ ಹೇಳುತ್ತೇನೆ. ಆಕಾಶದಿಂದ ಒಂದು ಕಲ್ಲು ಬೀಳುತ್ತದೆ. ಕಾಡಿನ ಪಕ್ಕ ಒಂಟಿಯಾಗಿರುವ ಮುದುಕ ಅದನ್ನು ಕೋಲಿನಿಂದ ತಿವಿದು ನೋಡುತ್ತಾನೆ. ಕಲ್ಲು ಒಡೆದು ಒಳಗಿನ ಅಂಟು ಕೋಲಿಗೆ ಹತ್ತಿಕೊಳ್ಳುತ್ತದೆ, ಅಲ್ಲಿಂದ ಕೈಗೆ. ಸ್ಟೀವ್ ಮತ್ತು ಜೇನ್ ಅನ್ನೋ ಹುಡುಗ ಹುಡುಗಿ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಅಂಟು ಮುದುಕನನ್ನು ನುಂಗುತ್ತದೆ, ನರ್ಸ್‌ಳನ್ನು ನುಂಗುತ್ತದೆ, ಡಾಕ್ಟರನ್ನೂ ನುಂಗುತ್ತದೆ. ತಿಂದಷ್ಟೂ ಬೆಳೆಯುತ್ತದೆ. ಸ್ಟೀವ್ ಕಣ್ಣಾರೆ ಕಂಡದ್ದನ್ನು ಪೊಲೀಸರಿಗೆ ಹೇಳುತ್ತಾನೆ. ಯಾರೂ ನಂಬುವುದಿಲ್ಲ.

ಈಗ ಇದನ್ನು ಮಾಡಿದವರ ವಿಷಯಕ್ಕೆ ಬರುತ್ತೇನೆ. ಅದು ಗೊತ್ತಾದರೆ ಸಿನಿಮಾ ಬೇರೆ ಥರ ಕಾಣುತ್ತದೆ. ಇದು ಹಾಲಿವುಡ್‌ನಲ್ಲಿ ತಯಾರಾದ ಸಿನಿಮಾ ಅಲ್ಲ. ಪೆನ್ಸಿಲ್ವೇನಿಯಾದಲ್ಲಿ ವ್ಯಾಲಿ ಫೋರ್ಜ್ ಫಿಲ್ಮ್ಸ್ ಅಂತ ಒಂದು ಸಣ್ಣ ಕಂಪನಿ ಇತ್ತು. ಚೆಸ್ಟರ್ ಸ್ಪ್ರಿಂಗ್ಸ್ ಎಂಬ ಹಳ್ಳಿಯ ಕಡೆ ಅವರ ಸ್ಟುಡಿಯೊ. ಅವರ ಕಸುಬು ಧಾರ್ಮಿಕ ಚಿತ್ರಗಳು, ಪಾಠದ ಚಿತ್ರಗಳು. ನಿರ್ದೇಶಕ ಅರ್ವಿನ್ ಯವರ್ತ್ ಆ ಕೆಲಸದಲ್ಲೇ ಪಳಗಿದವರು. ಫಿಲಡೆಲ್ಫಿಯಾದ ಚಿತ್ರ ಹಂಚಿಕೆದಾರ ಜ್ಯಾಕ್ ಹ್ಯಾರಿಸ್‌ಗೆ ಒಂದು ರಾಕ್ಷಸ ಚಿತ್ರ ಬೇಕಿತ್ತು. ಅವರು ಬಂದು ಈ ತಂಡದ ಬಾಗಿಲು ತಟ್ಟಿದರು. 1957ರ ಬೇಸಿಗೆಯಲ್ಲಿ ಅಲ್ಲಿನದೇ ಊರುಗಳಲ್ಲಿ ಚಿತ್ರೀಕರಣ ನಡೆಯಿತು. ಸಾಮಾನ್ಯವಾಗಿ ಹೇಳುವ ಖರ್ಚಿನ ಲೆಕ್ಕ 1,10,000 ಡಾಲರ್ ಆಸುಪಾಸು. ಆ ಕಾಲಕ್ಕೂ ಅದು ತೀರಾ ಸಣ್ಣ ದುಡ್ಡು. ಆಮೇಲೆ ಪ್ಯಾರಮೌಂಟ್ ಕಂಪನಿ ಇದನ್ನು 3,00,000 ಡಾಲರ್‌ಗೆ ಕೊಂಡು 1958ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿತು.

ಸ್ಟೀವ್ ಪಾತ್ರ ಮಾಡಿದ್ದು ಸ್ಟೀವ್ ಮೆಕ್ವೀನ್. ಮುಂದೆ ಜಗತ್ತಿಗೇ ಗೊತ್ತಾದ ನಟ. ಇಲ್ಲಿ ಅವರದು ಮೊದಲ ನಾಯಕನ ಪಾತ್ರ. ಹೈಸ್ಕೂಲ್ ಹುಡುಗನ ಪಾತ್ರ, ನಟನಿಗೆ ಆಗ 27 ವರ್ಷ. ಲಾಭದಲ್ಲಿ ಪಾಲು ಬೇಡ, ಕೈಗೆ ದುಡ್ಡು ಕೊಡಿ ಅಂತ ಸುಮಾರು 3,000 ಡಾಲರ್ ತಗೊಂಡರು ಎನ್ನುವುದು ಚಿತ್ರರಂಗದಲ್ಲಿ ತುಂಬಾ ಪ್ರಚಲಿತವಾದ ಮಾತು. ಸಿನಿಮಾ ಆಮೇಲೆ ಭರ್ಜರಿಯಾಗಿ ಓಡಿತು. ವಯಸ್ಸು ಹೊಂದುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜ ಕೂಡ. ಆದರೆ ಡಾಕ್ಟರ ಮನೆಯ ಹೊರಗೆ ನಿಂತ ಸ್ಟೀವ್‌ನ ಮುಖ ನೋಡಿ. ಕಿಟಕಿಯ ಪಟ್ಟಿ ಪರದೆಯ ಹಿಂದೆ ಡಾಕ್ಟರ್ ಒದ್ದಾಡುತ್ತಿದ್ದಾರೆ. ನಮಗೆ ಕಾಣುವುದು ಒಂದೆರಡು ಕ್ಷಣ ಮಾತ್ರ. ಉಳಿದದ್ದೆಲ್ಲ ಮೆಕ್ವೀನ್ ಮುಖದ ಮೇಲಿದೆ. ಆ ಕ್ಷಣದಲ್ಲಿ ಅವರ ವಯಸ್ಸು ಯಾರಿಗೂ ನೆನಪಾಗುವುದಿಲ್ಲ.

ಈಗ ಆ ಮುದ್ದೆಗೆ ಬರೋಣ. ಅದು ಸಿಲಿಕೋನ್. ಅದಕ್ಕೆ ಕೆಂಪು ಬಣ್ಣ ಬೆರೆಸಿದ್ದಾರೆ. ಶುರುವಿನಲ್ಲಿ ಅದು ತಿಳಿಯಾಗಿ, ಹೆಚ್ಚುಕಡಿಮೆ ಪಾರದರ್ಶಕವಾಗಿ ಇರುತ್ತದೆ. ಒಬ್ಬೊಬ್ಬರನ್ನು ನುಂಗಿದ ಹಾಗೆ ಕೆಂಪು ಗಾಢವಾಗುತ್ತಾ ಹೋಗುತ್ತದೆ. ಆ ಕೆಂಪು ಎಲ್ಲಿಂದ ಬಂತು ಅಂತ ಯಾವ ಪಾತ್ರವೂ ಬಾಯಿ ಬಿಟ್ಟು ಹೇಳುವುದಿಲ್ಲ. ನೋಡುವವರು ತಾವಾಗಿ ಲೆಕ್ಕ ಹಾಕಿಕೊಳ್ಳಬೇಕು. ಆಗಿನ ಸಣ್ಣ ಬಜೆಟ್ಟಿನ ರಾಕ್ಷಸ ಚಿತ್ರಗಳು ಬಹುಪಾಲು ಕಪ್ಪು ಬಿಳುಪು. ಇವರು ಇಷ್ಟು ಕಡಿಮೆ ದುಡ್ಡಿನಲ್ಲೂ ಕಲರ್‌ನಲ್ಲೇ ತೆಗೆದರು. ಅದೊಂದು ನಿರ್ಧಾರ ಇಲ್ಲದಿದ್ದರೆ ಇದು ಯಾರಿಗೂ ನೆನಪಿರುತ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ.

ನಾನು ಸಿನಿಮಾ ತಂತ್ರ ಪಾಠ ಮಾಡುವವನು. ಮಿನಿಯೇಚರ್ ವಿಷಯ ಬಂದಾಗೆಲ್ಲ ಈ ಸಿನಿಮಾ ತೋರಿಸುತ್ತೇನೆ. ಸಣ್ಣ ಮಾದರಿಗಳನ್ನು ಇಟ್ಟು ದೊಡ್ಡದು ಅಂತ ತೋರಿಸುವಾಗ ಮೊದಲು ಗುಟ್ಟು ಬಿಟ್ಟುಕೊಡುವುದು ನೀರು ಮತ್ತು ಬೆಂಕಿ. ಹಡಗನ್ನು ಎಷ್ಟು ಚಿಕ್ಕದು ಬೇಕಾದರೂ ಮಾಡಬಹುದು, ನೀರಿನ ಹನಿಯನ್ನು ಚಿಕ್ಕದು ಮಾಡಲು ಆಗುವುದಿಲ್ಲ. ಹನಿ ನೋಡಿದ ತಕ್ಷಣ ಕಣ್ಣಿಗೆ ಅಳತೆ ಸಿಕ್ಕಿಬಿಡುತ್ತದೆ. ಸಿಲಿಕೋನ್‌ಗೆ ಈ ಸಮಸ್ಯೆ ಇಲ್ಲ. ಅದು ಮಲೆನಾಡಿನ ಜೋನಿ ಬೆಲ್ಲದ ಹಾಗೆ ದಪ್ಪ. ಹನಿ ಚಿಮ್ಮುವುದಿಲ್ಲ, ಅಲೆ ಏಳುವುದಿಲ್ಲ, ನೊರೆ ಬರುವುದಿಲ್ಲ. ಅದು ಬೊಗಸೆಯಷ್ಟಿದೆಯಾ, ಲಾರಿಯಷ್ಟಿದೆಯಾ ಅಂತ ಕಣ್ಣಿಗೆ ಗೊತ್ತಾಗುವ ಗುರುತೇ ಇಲ್ಲ. ಜೊತೆಗೆ ಅದು ಒಣಗಿ ಗಟ್ಟಿಯೂ ಆಗುವುದಿಲ್ಲ. ಒಂದೇ ಮುದ್ದೆಯನ್ನು ಮತ್ತೆ ಮತ್ತೆ ಬಳಸಬಹುದು. ಖರ್ಚು ಕಡಿಮೆ, ಕೆಲಸ ಜಾಸ್ತಿ.

ಆದರೆ ಅದಕ್ಕೆ ಸ್ವಂತ ಶಕ್ತಿ ಇಲ್ಲ. ಇಳಿಜಾರಿನಲ್ಲಿ ಮಾತ್ರ ಹರಿಯುತ್ತದೆ. ಅದಕ್ಕೆ ಇವರು ಹುಡುಕಿದ ದಾರಿ ಈಗ ನೆನೆದರೂ ಖುಷಿಯಾಗುತ್ತದೆ. ಮುದ್ದೆ ಓಡಬೇಕಾದ ನೆಲವನ್ನೇ ಓರೆ ಮಾಡಿದರು. ಕ್ಯಾಮೆರಾವನ್ನೂ ಅದಕ್ಕೇ ಬಿಗಿದರು. ಎರಡೂ ಒಟ್ಟಿಗೆ ಓರೆಯಾಗುವುದರಿಂದ ತೆರೆಯ ಮೇಲೆ ನೆಲ ಮಟ್ಟಸವಾಗಿಯೇ ಕಾಣುತ್ತದೆ. ಮುದ್ದೆ ಮಾತ್ರ ತಾನಾಗಿಯೇ ಒಂದು ಕಡೆಗೆ ಹೊರಟ ಹಾಗಿರುತ್ತದೆ. ಕೊನೆಯಲ್ಲಿ ಅದು ಊರಿನ ಡೈನರನ್ನು, ಅಂದರೆ ಸಣ್ಣ ಹೋಟೆಲನ್ನು, ಇಡಿಯಾಗಿ ಮುಚ್ಚಿಕೊಳ್ಳುತ್ತದೆ ಅಲ್ವಾ? ಅಲ್ಲಿರುವುದು ಕಟ್ಟಡ ಅಲ್ಲ. ಡೈನರ್‌ನ ಒಂದು ಬಣ್ಣದ ಫೋಟೊ. ಓರೆಯಾಗುವ ಮೇಜಿನ ಮೇಲೆ ಫೋಟೊ ಇಟ್ಟು, ಅದರ ಮೇಲೆ ಸಿಲಿಕೋನ್ ಸುರಿದು, ಮೇಜು ಅಲ್ಲಾಡಿಸಿ ಅದು ಜಾರಿಹೋಗುವುದನ್ನು ಚಿತ್ರೀಕರಿಸಿದರು. ಆ ಫಿಲ್ಮನ್ನು ಹಿಂದುಮುಂದಾಗಿ ಮುದ್ರಿಸಿದಾಗ ಜಾರಿಹೋದದ್ದೇ ಏರಿಬಂದ ಹಾಗಾಯಿತು. ಈ ಸಲ ನೋಡುವಾಗ ಆ ಶಾಟನ್ನು ಎರಡು ಸಲ ನೋಡಿ. ಫೋಟೊ ಅನ್ನುವುದು ಗೊತ್ತಾಗುತ್ತದೆ. ಆದರೆ ಮುದ್ದೆಯ ಭಾರ, ಅದು ಅಂಚಿನಲ್ಲಿ ಮಡಚಿಕೊಳ್ಳುವ ರೀತಿ, ಮೇಲೆ ಬೀಳುವ ಬೆಳಕಿನ ಹೊಳಪು, ಇವೆಲ್ಲ ಕ್ಯಾಮೆರಾ ಮುಂದೆ ನಿಜವಾಗಿ ಇದ್ದದ್ದು.

ಥಿಯೇಟರ್ ದೃಶ್ಯ ನಿಮಗೆ ನೆನಪಿರಲೇಬೇಕು. ನಡುರಾತ್ರಿಯ ಭಯದ ಸಿನಿಮಾ ಷೋ. ಪ್ರೊಜೆಕ್ಟರ್ ಕೋಣೆಯ ಗಾಳಿಕಿಂಡಿಯಿಂದ ಮುದ್ದೆ ಸೋರಿಕೊಂಡು ಬರುತ್ತದೆ. ಕೆಳಗೆ ಜನ ತೆರೆಯ ಮೇಲಿನ ಸುಳ್ಳು ಭಯ ನೋಡಿಕೊಂಡು ಕೂತಿದ್ದಾರೆ. ಹಿಂದೆ ಪ್ರೊಜೆಕ್ಟರ್‌ನ ಕಿಂಡಿಗಳಿಂದ ನಿಜವಾದದ್ದು ಇಳಿಯುತ್ತಿದೆ. 1958ರಲ್ಲಿ ಈ ದೃಶ್ಯ ನೋಡಿದವರೂ ಅಂಥದ್ದೇ ಥಿಯೇಟರ್‌ನಲ್ಲಿ, ಅಂಥದ್ದೇ ಕಿಂಡಿಗೆ ಬೆನ್ನು ಮಾಡಿ ಕೂತಿದ್ದರು. ಎಷ್ಟು ಜನ ತಿರುಗಿ ನೋಡಿರಬಹುದು! ಮೊಬೈಲ್‌ನಲ್ಲಿ ಈ ದೃಶ್ಯಕ್ಕೆ ಅರ್ಧ ಜೀವ ಮಾತ್ರ. ಆ ಥಿಯೇಟರ್ ಫೀನಿಕ್ಸ್‌ವಿಲ್ ಊರಿನ ಕಲೋನಿಯಲ್. ಅದು ಇವತ್ತಿಗೂ ನಡೆಯುತ್ತಿದೆ. ಪ್ರತಿ ವರ್ಷ ಬೇಸಿಗೆಯಲ್ಲಿ ಅಲ್ಲಿ ಬ್ಲಾಬ್‌ಫೆಸ್ಟ್ ಅಂತ ಹಬ್ಬ ಮಾಡುತ್ತಾರೆ. ಜನ ಸಿನಿಮಾದಲ್ಲಿ ಓಡಿದ ಹಾಗೆಯೇ ಕಿರುಚಿಕೊಂಡು ಬಾಗಿಲಿನಿಂದ ಬೀದಿಗೆ ಓಡುತ್ತಾರೆ. ಮೂಲ ಶಾಟಿನಲ್ಲಿ ಗಮನಿಸಿ, ಓಡುವವರಲ್ಲಿ ಕೆಲವರು ನಗುತ್ತಿದ್ದಾರೆ. ಅದು ತಪ್ಪೇ. ಆದರೂ ನನಗೆ ಆ ಶಾಟ್ ಇಷ್ಟ. ಊರಿನವರು ತಮ್ಮೂರಿನ ಸಿನಿಮಾಕ್ಕೆ ಬಂದು ಓಡಿದ್ದಾರೆ, ಆ ಸಂಭ್ರಮ ಮುಖದಲ್ಲಿ ಮುಚ್ಚಿಟ್ಟುಕೊಳ್ಳಲು ಆಗಿಲ್ಲ.

ಇಷ್ಟೆಲ್ಲ ತಂತ್ರದ ಮಾತಾಯಿತು. ಆದರೆ ಗಡಿಯಾರ ಹಿಡಿದು ನೋಡಿದರೆ ಮುದ್ದೆ ತೆರೆಯ ಮೇಲೆ ಇರುವುದು ಸ್ವಲ್ಪವೇ ಹೊತ್ತು. ಉಳಿದ ಸಮಯವನ್ನು ತುಂಬಬೇಕಲ್ಲ. ದುಡ್ಡಿದ್ದವರಾಗಿದ್ದರೆ ಸೈನ್ಯ, ವಿಜ್ಞಾನಿಗಳು, ಪ್ರಯೋಗಾಲಯ ತರುತ್ತಿದ್ದರು. ಇವರ ಹತ್ತಿರ ಅದಕ್ಕೆ ಕಾಸಿಲ್ಲ. ಅದಕ್ಕೇ ಇವರು ತುಂಬಿದ್ದು ಒಂದೇ ಪ್ರಶ್ನೆ: ಹುಡುಗರು ನಿಜ ಹೇಳಿದರೆ ದೊಡ್ಡವರು ಯಾಕೆ ನಂಬುವುದಿಲ್ಲ? ಈ ಸಿನಿಮಾ ಉಳಿದುಕೊಂಡಿರುವುದು ಇದೇ ಪ್ರಶ್ನೆಯಿಂದ.

ಪೊಲೀಸ್ ಠಾಣೆಯಲ್ಲಿ ಇಬ್ಬರಿದ್ದಾರೆ. ಡೇವ್ ಸ್ವಲ್ಪ ಕೇಳಿಸಿಕೊಳ್ಳುವವನು. ಬರ್ಟ್‌ಗೆ ಹದಿಹರೆಯದವರನ್ನು ಕಂಡರಾಗದು, ಎಲ್ಲ ತನ್ನನ್ನು ಗೋಳು ಹೊಯ್ದುಕೊಳ್ಳಲೆಂದೇ ಮಾಡುತ್ತಾರೆ ಅಂತ ಅವನ ನಂಬಿಕೆ. ಹಿಂದೆ ಒಬ್ಬ ಹುಡುಗನ ಕಾರು ಅವನ ಹೆಂಡತಿಗೆ ಗುದ್ದಿತ್ತು, ಅದಕ್ಕಾಗಿ ಹದಿನೇಳು ವರ್ಷದವರೆಲ್ಲ ಅಪರಾಧಿಗಳಾಗುವುದಿಲ್ಲ ಅಂತ ಡೇವ್ ಅವನಿಗೆ ಹೇಳುತ್ತಾನೆ. ಒಂದು ಸಾಲಿನ ಮಾತು, ಮತ್ತೆ ಅದರ ಚರ್ಚೆ ಇಲ್ಲ. ಆದರೆ ಆ ಸಾಲು ಕೇಳಿದ ಮೇಲೆ ಬರ್ಟ್ ಸುಮ್ನೆ ಸಿಡುಕುವ ಪೊಲೀಸ್ ಆಗಿ ಉಳಿಯುವುದಿಲ್ಲ. ಜೇನ್‌ಳ ಅಪ್ಪ ಊರಿನ ಹೈಸ್ಕೂಲ್ ಹೆಡ್‌ಮಾಸ್ಟರ್. ನಡುರಾತ್ರಿ ಠಾಣೆಗೆ ಬಂದ ಮಗಳ ಮಾತಿಗಿಂತ ಅವರಿಗೆ ಮರ್ಯಾದೆಯ ಚಿಂತೆ ಜಾಸ್ತಿ. ಈ ಅಪ್ಪನನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತಾರೆ.

ಸ್ಟೀವ್‌ಗೆ ಬೇರೆ ದಾರಿ ಕಾಣುವುದಿಲ್ಲ. ಗೆಳೆಯರನ್ನು ಸೇರಿಸಿ ಕಾರಿನ ಹಾರ್ನ್ ಹೊಡೆಸಿ, ಸೈರನ್ ಕೂಗಿಸಿ ಊರನ್ನು ಎಬ್ಬಿಸುತ್ತಾನೆ. ಸ್ವಲ್ಪ ಮುಂಚೆ ರೇಸ್‌ಗೆ ಬಾ ಅಂತ ಕೆಣಕಿದ್ದ ಹುಡುಗರೇ ಈಗ ಅವನ ಜೊತೆ ನಿಲ್ಲುತ್ತಾರೆ. ಜನ ರಾತ್ರಿ ಉಡುಪಿನಲ್ಲಿ ಅಂಗಡಿ ಮುಂದೆ ಸೇರುತ್ತಾರೆ. ಅಲ್ಲಿ ತೋರಿಸಲು ಏನೂ ಇಲ್ಲ. ಅಷ್ಟೂ ಕಣ್ಣುಗಳ ಮುಂದೆ ಸ್ಟೀವ್ ಬರಿಗೈಯಲ್ಲಿ ನಿಂತು ನನ್ನನ್ನು ನಂಬಿ ಅನ್ನುತ್ತಾನೆ. ನನ್ನ ಪ್ರಕಾರ ಇಡೀ ಸಿನಿಮಾದಲ್ಲಿ ಎದೆ ಹಿಂಡುವ ದೃಶ್ಯ ಇದು. ಇಲ್ಲಿ ಸಿಲಿಕೋನ್‌ನ ಒಂದು ಹನಿಯೂ ಇಲ್ಲ.

ಕೊನೆಗೆ ಸ್ಟೀವ್, ಜೇನ್ ಮತ್ತು ಅವಳ ಪುಟ್ಟ ತಮ್ಮ ಡೈನರ್ ಒಳಗೆ ಸಿಕ್ಕಿಬೀಳುತ್ತಾರೆ. ಕರೆಂಟು ತಂತಿ ಬೀಳಿಸಿದರೂ ಮುದ್ದೆ ಜಗ್ಗುವುದಿಲ್ಲ, ಕಟ್ಟಡಕ್ಕೆ ಬೆಂಕಿ ಬೀಳುತ್ತದೆ. ಬೆಂಕಿ ಆರಿಸಲು ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಹಾಯಿಸಿದಾಗ ಮುದ್ದೆ ಹಿಂದೆ ಸರಿಯುತ್ತದೆ. ಸ್ಟೀವ್‌ಗೆ ಹೊಳೆಯುತ್ತದೆ, ಇದಕ್ಕೆ ಚಳಿ ತಡೆದುಕೊಳ್ಳಲು ಆಗುವುದಿಲ್ಲ. ಮುಂಚೆ ಅಂಗಡಿಯಲ್ಲಿ ಮುದ್ದೆ ಎದುರಾದಾಗ ಫ್ರೀಜರ್ ಕೋಣೆಗೆ ಹೊಕ್ಕು ತಾವು ಉಳಿದುಕೊಂಡದ್ದೂ ಅದಕ್ಕೇ. ಊರಲ್ಲಿ ಅಷ್ಟು ಸಿಲಿಂಡರ್ ಇರುವುದು ಹೈಸ್ಕೂಲಿನಲ್ಲಿ. ಜೇನ್‌ಳ ಅಪ್ಪ ಹುಡುಗರನ್ನು ಕರೆದುಕೊಂಡು ಅಲ್ಲಿಗೆ ಓಡುತ್ತಾರೆ. ಬಾಗಿಲು ಬೀಗ ಹಾಕಿದೆ, ಕೀಲಿ ಜೊತೆಗಿಲ್ಲ. ಹೆಡ್‌ಮಾಸ್ಟರ್ ನೆಲದಿಂದ ಕಲ್ಲು ಎತ್ತಿಕೊಳ್ಳುತ್ತಾರೆ. ತಮ್ಮದೇ ಶಾಲೆಯ ಬಾಗಿಲಿನ ಗಾಜಿಗೆ, ವಿದ್ಯಾರ್ಥಿಗಳ ಎದುರಿಗೇ, ಎಸೆಯುತ್ತಾರೆ. ಅದುವರೆಗೆ ಊರಿನಲ್ಲಿ ಯಾವ ಗಾಜು ಒಡೆದರೂ ಆ ಹುಡುಗರ ಮೇಲೆಯೇ ಅನುಮಾನ ಇತ್ತು. ಯಾರೂ ಭಾಷಣ ಮಾಡುವುದಿಲ್ಲ, ಕ್ಷಮೆ ಕೇಳುವುದಿಲ್ಲ. ಗಾಜು ಒಡೆದ ಸದ್ದು, ಎಲ್ಲರೂ ಒಳಗೆ ನುಗ್ಗುತ್ತಾರೆ. ಧಾರ್ಮಿಕ ಚಿತ್ರ ಮಾಡಿ ಅಭ್ಯಾಸ ಇದ್ದವರು ಇಲ್ಲಿ ಒಂದು ಪ್ರವಚನ ಹಾಕಬಹುದಿತ್ತು. ಹಾಕಲಿಲ್ಲ. ಅದಕ್ಕಾಗಿ ಅವರ ಮೇಲೆ ನನಗೆ ತುಂಬಾ ಗೌರವ.

ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಮಧ್ಯದ ಭಾಗ ಎಳೆಯುತ್ತದೆ. ಠಾಣೆಯಿಂದ ಡಾಕ್ಟರ ಮನೆಗೆ, ಅಲ್ಲಿಂದ ಮತ್ತೆ ಠಾಣೆಗೆ, ಅದೇ ಮಾತು ಮತ್ತೆ ಮತ್ತೆ. ರೇಡಿಯೊದಲ್ಲಿ ಚೆಸ್ ಆಡುವ ಪೊಲೀಸ್ ಮೊದಲ ಸಲ ಚೆನ್ನ, ಆಮೇಲೆ ಸಾಕೆನಿಸುತ್ತದೆ. ಕೆಲವು ಪೋಷಕ ನಟರ ಮಾತು ಒಪ್ಪಿಸಿದ ಪಾಠದ ಹಾಗಿದೆ. ಹತ್ತು ನಿಮಿಷ ಕತ್ತರಿಸಿದ್ದರೆ ಸಿನಿಮಾ ಇನ್ನೂ ಗಟ್ಟಿಯಾಗುತ್ತಿತ್ತು.

ಕಮ್ಯುನಿಸಂ ವಿಷಯ. ಕೆಂಪು ಬಣ್ಣ, ಹೊರಗಿನಿಂದ ಬಂದು ಎಲ್ಲರನ್ನೂ ನುಂಗುವ ವಸ್ತು, ಅಮೆರಿಕದ 1950ರ ದಶಕ. ಮೂರನ್ನೂ ಸೇರಿಸಿದರೆ ಆ ಅರ್ಥ ತಾನಾಗಿ ಬರುತ್ತದೆ. ತುಂಬಾ ಜನ ಹಾಗೆ ಬರೆದಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅದೇ ಕಾಲದ ಬೇರೆ ಕೆಲವು ಚಿತ್ರಗಳಲ್ಲಿ ಮನುಷ್ಯರು ನೋಡಲು ಹಾಗೇ ಇದ್ದು ಒಳಗೆ ಬದಲಾಗುತ್ತಾರೆ, ಪಕ್ಕದ ಮನೆಯವರನ್ನೇ ಅನುಮಾನಿಸಬೇಕಾಗುತ್ತದೆ. ಅಲ್ಲಿ ಆ ರಾಜಕೀಯ ನಿಜವಾಗಿ ಕೂರುತ್ತದೆ. ಇಲ್ಲಿ ಪಾಠ ಪೂರ್ತಿ ಉಲ್ಟಾ: ಪಕ್ಕದವರನ್ನು ಅನುಮಾನಿಸಿದ್ದೇ ತಪ್ಪು, ನಂಬಿದ್ದರೆ ಜನ ಉಳಿಯುತ್ತಿದ್ದರು. ಕೆಂಪಿಗೂ ಸಿನಿಮಾದೊಳಗೇ ಸರಳವಾದ ಕಾರಣ ಇದೆ. ಅದು ರಕ್ತ ಕುಡಿದಿದೆ. 1950ರಲ್ಲಿ ಫಿಲಡೆಲ್ಫಿಯಾದ ಪೊಲೀಸರು ಆಕಾಶದಿಂದ ಬಿದ್ದ ಜೆಲ್ಲಿಯಂಥ ವಸ್ತು ಕಂಡೆವು ಅಂದ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಕಥೆಯ ಬೀಜ ಅಲ್ಲಿದೆ ಅನ್ನುವವರಿದ್ದಾರೆ. ನನಗೆ ಅದು ಹೆಚ್ಚು ನಂಬುವಂತಿದೆ. ಆದರೆ ಕಾಲ ಅಂತೂ ಸಿನಿಮಾಕ್ಕೆ ಸಹಾಯ ಮಾಡಿತು. ಚಿತ್ರೀಕರಣ ಆದದ್ದು 1957ರ ಬೇಸಿಗೆ, ಸೋವಿಯತ್ ರಷ್ಯಾದ ಮೊದಲ ಉಪಗ್ರಹ ಸ್ಪುಟ್ನಿಕ್ ಹಾರಿದ್ದು ಅದೇ ವರ್ಷದ ಅಕ್ಟೋಬರ್. ತೆರೆಗೆ ಬರುವ ಹೊತ್ತಿಗೆ ರಾತ್ರಿ ಆಕಾಶ ನೋಡುವ ಅಮೆರಿಕನ್ನರ ಮನಸ್ಸೇ ಬದಲಾಗಿತ್ತು.

ಕೊನೆಯ ಮಾತೂ ಹಾಗೇ ಕಾಲದ ಜೊತೆ ಬದಲಾಗಿದೆ. ಹೆಪ್ಪುಗಟ್ಟಿದ ಮುದ್ದೆಯನ್ನು ವಿಮಾನದಲ್ಲಿ ಉತ್ತರ ಧ್ರುವದ ಕಡೆ ಸಾಗಿಸುತ್ತಾರೆ. ಅದು ಸತ್ತಿಲ್ಲ, ತಡೆದಿದ್ದೇವೆ ಅಷ್ಟೇ ಅನ್ನುತ್ತಾನೆ ಡೇವ್. ಆರ್ಕ್‌ಟಿಕ್ ತಣ್ಣಗಿರುವ ತನಕ ಅನ್ನುತ್ತಾನೆ ಸ್ಟೀವ್. 1958ರಲ್ಲಿ ಅದು ಧೈರ್ಯದ ಮಾತು, ಆರ್ಕ್‌ಟಿಕ್ ತಣ್ಣಗಿರದೆ ಇನ್ನೇನು? ಈಗ ನನ್ನ ವಿದ್ಯಾರ್ಥಿಗಳು ಕ್ಲಾಸಿನಲ್ಲಿ ಜೋರಾಗಿ ಉಸಿರೆಳೆದುಕೊಳ್ಳುವುದು ಈ ಸಾಲಿಗೇ.

1988ರಲ್ಲಿ ಚಕ್ ರಸೆಲ್ ಇದನ್ನು ಮತ್ತೆ ಮಾಡಿದರು. ತಂತ್ರ ಅದ್ಭುತ, ವೇಗ ಇದೆ, ನಿಮಗೆ ಖಂಡಿತ ಇಷ್ಟವಾಗುತ್ತದೆ. ಆದರೆ ಅದರಲ್ಲಿ ಸರ್ಕಾರದವರೇ ಖಳರು. ಹೆಡ್‌ಮಾಸ್ಟರ್ ಎಸೆದ ಕಲ್ಲಿನಂಥದ್ದು ಅಲ್ಲಿಲ್ಲ. ಮಗಳಿಗೆ ಅದನ್ನು ಸದ್ಯಕ್ಕೆ ತೋರಿಸಬೇಡಿ, ಸಾವುಗಳು ತುಂಬಾ ಕ್ರೂರವಾಗಿವೆ. ಸಣ್ಣ ಹುಡುಗನೊಬ್ಬನನ್ನೂ ಬಿಟ್ಟಿಲ್ಲ.

1958ರದ್ದನ್ನು ಧಾರಾಳವಾಗಿ ತೋರಿಸಿ. ರಕ್ತ ಚೆಲ್ಲುವುದಿಲ್ಲ. ಸಾವುಗಳು ಬಹುಪಾಲು ಮರೆಯಲ್ಲೇ ಆಗುತ್ತವೆ. ಹೆದರಿಕೆ ಆದರೆ ಅದು ಶುರುವಿನಲ್ಲೇ, ಮುದುಕ ಕೈ ಹಿಡಿದುಕೊಂಡು ನರಳುವಾಗ ಮತ್ತು ಡಾಕ್ಟರ ಮನೆಯಲ್ಲಿ. ಆಗ ಪಕ್ಕದಲ್ಲಿ ಇರಿ. ಜೇನ್‌ಳ ಪುಟ್ಟ ತಮ್ಮ ಪೈಜಾಮದಲ್ಲೇ ಬೀದಿಗೆ ಬಂದು ಮುದ್ದೆಗೆ ಆಟಿಕೆ ಪಿಸ್ತೂಲಿನಿಂದ ಗುಂಡು ಹೊಡೆಯುವ ದೃಶ್ಯ ಅವಳಿಗೆ ತುಂಬಾ ಹಿಡಿಸುತ್ತದೆ. ಟಿವಿಯಲ್ಲಿ ಹಾಕಿ, ರಾತ್ರಿ ಊಟ ಆದ ಮೇಲೆ, ದೀಪ ಆರಿಸಿ. ರಿಪೇರಿ ಮಾಡಿದ ಒಳ್ಳೆಯ ಪ್ರಿಂಟ್ ಕ್ರೈಟೀರಿಯನ್ ಕಂಪನಿ ಹೊರತಂದಿದೆ, ಅದು ಸಿಕ್ಕರೆ ಅದನ್ನೇ ನೋಡಿ. ಮಂಕಾದ ಕಾಪಿಯಲ್ಲಿ ಕೆಂಪು ಕಂದಾಗುತ್ತದೆ, ರಾತ್ರಿ ಬೂದಿಯಾಗುತ್ತದೆ. ಶುರುವಿನ ಹಾಡಿಗೆ ಮಾತ್ರ ಸದ್ದು ಕಡಿಮೆ ಮಾಡಿ. ಮುಗಿದ ಮೇಲೆ ಬೇಕಾದರೆ ಜೋರಾಗಿ ಹಾಕಿ ಇಬ್ಬರೂ ಕೇಳಿ.